ದೇವರ ಬಾಗಿಲು



ಗುಡಿ, ದರ್ಗಾ, ಚರ್ಚು, ಬಸದಿ, ಗುರುದ್ವಾರ. ಹೆಸರು ಬೇರೆ ಬೇರೆ. ಪೂಜೆಯ ರೀತಿಯೂ ಬೇರೆ. ಆದರೆ ನಾವು ಅಲ್ಲಿಗೆ ಯಾಕೆ ಹೋಗ್ತೇವೆ? ಮಗುವಿಗೆ ಕಾಯಿಲೆ ಬಂದರೆ ಹರಕೆ ಹೊರುತ್ತೇವೆ. ಮಳೆ ಬರಲಿ ಅಂತ ಬೇಡುತ್ತೇವೆ. ಮನಸ್ಸಿನ ಭಾರ ಇಳಿಸಿ ಬರುತ್ತೇವೆ. ಈ ಆಸೆ ಎಲ್ಲ ಧರ್ಮದವರಿಗೂ ಒಂದೇ.

ಬೀದರಿನಲ್ಲಿ ಸಿಖ್ಖರ ಗುರುದ್ವಾರ ಇದೆ. ಅಲ್ಲಿ ನೀರಿನ ಚಿಲುಮೆ ಇದೆ. ಗುರುನಾನಕರಿಂದ ಆ ನೀರು ಬಂತು ಅಂತ ನಂಬಿಕೆ. ತಲೆಗೆ ಬಟ್ಟೆ ಹೊದ್ದು ಒಳಗೆ ಹೋಗಬೇಕು. ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು. ನಿಮ್ಮ ಜಾತಿ ಯಾವುದು ಅಂತ ಯಾರೂ ಕೇಳೋದಿಲ್ಲ.

ಕಲಬುರಗಿಯಲ್ಲಿ ಬಂದೇ ನವಾಜರ ದರ್ಗಾ ಇದೆ. ಉರುಸಿಗೆ ಹಿಂದೂಗಳೂ ಬರುತ್ತಾರೆ. ಬೆಂಗಳೂರಿನ ಶಿವಾಜಿನಗರದ ಚರ್ಚಿನಲ್ಲಿ ಮೇರಿಯಮ್ಮನಿಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದವರೂ ಸೇರುತ್ತಾರೆ.

ಆದರೆ ಎಲ್ಲ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಉಡುಪಿಯ ಕನಕನ ಕಿಂಡಿಯ ಕಥೆ ನಾವು ಕೇಳಿದ್ದೇವೆ. ಕನಕದಾಸರನ್ನು ಗುಡಿಯ ಒಳಗೆ ಬಿಡಲಿಲ್ಲ. ಆಗ ಗೋಡೆ ಬಿರುಕು ಬಿಟ್ಟಿತು, ಕೃಷ್ಣನೇ ತಿರುಗಿ ದರ್ಶನ ಕೊಟ್ಟ ಅಂತ ಹೇಳ್ತಾರೆ. ದೇವರೇ ತಿರುಗಿದ ಮೇಲೆ ತಡೆಯಲು ನಾವು ಯಾರು?

ಮುಂಬೈಯಲ್ಲಿ ಹಾಜಿ ಅಲಿ ದರ್ಗಾ ಇದೆ. ಅಲ್ಲಿ ಗೋರಿಯ ಹತ್ತಿರ ಹೋಗದಂತೆ ಹೆಂಗಸರನ್ನು ತಡೆದರು. ಮುಸ್ಲಿಂ ಹೆಣ್ಣುಮಕ್ಕಳೇ ಕೋರ್ಟಿಗೆ ಹೋದರು. 2016ರಲ್ಲಿ ಗೆದ್ದರು. ಈಗ ಒಳಗೆ ಹೋಗ್ತಾರೆ.

ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ 17ನೇ ವಿಧಿ ಏನು ಹೇಳುತ್ತೆ ಗೊತ್ತಾ? ಅಸ್ಪೃಶ್ಯತೆ ಇಲ್ಲ. ಅದನ್ನು ಆಚರಿಸುವುದು ಅಪರಾಧ. ಜಾತಿಯ ಕಾರಣಕ್ಕೆ ಗುಡಿಯ ಹೊರಗೆ ನಿಲ್ಲಿಸಿದರೆ ಶಿಕ್ಷೆ ಉಂಟು. ಮೊದಲು ಇದನ್ನು ಬೇರೆಯವರು ಹೇಳಬೇಕಿತ್ತು. ಈಗ ನಾವೇ ಓದಬಹುದು.

ನಮ್ಮೂರ ಜಾತ್ರೆಯಲ್ಲಿ ಒಮ್ಮೆ ಸುತ್ತ ನೋಡೋಣ. ಯಾರು ಒಳಗೆ ಇದ್ದಾರೆ? ಹೊಲದಲ್ಲಿ ನಮ್ಮ ಜೊತೆ ಕಳೆ ಕೀಳುವವಳು ಹೊರಗೆ ನಿಂತಿದ್ದಾಳಾ? ಹಣ್ಣುಕಾಯಿ ಹಿಡಿದು ದೂರದಿಂದಲೇ ಕೈ ಮುಗಿಯುತ್ತಿದ್ದಾಳಾ?

ಅವಳನ್ನು ಕರೆಯೋಣ. ಒಬ್ಬರೇ ಕರೆಯಲು ಹೆದರಿಕೆ ಆಗಬಹುದು. ಸಂಘದವರೆಲ್ಲ ಕೂಡಿ ಹೋಗೋಣ. ಅವಳ ಕೈ ಹಿಡಿದು ಒಟ್ಟಿಗೆ ಹೊಸ್ತಿಲು ದಾಟೋಣ.