ಹೊಳೆ ಏರುವ ಮುಂಚೆ



ಕೃಷ್ಣಾ ಹೊಳೆಯ ದಂಡೆಯ ಊರಿನವರೊಡನೆ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಮುಗಿಲು ನೋಡಿ ಮಳೆ ಹೇಳುವುದು ನಮಗೆ ರೂಢಿ. ಮಹಾಪೂರಕ್ಕೆ ಆ ಲೆಕ್ಕ ಸಾಲದು. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಕೊಯ್ನಾ ಬಂದು ಕೂಡುವುದು ಕರಾಡದಲ್ಲಿ. ಅಲ್ಲಿ ಸಹ್ಯಾದ್ರಿಯಲ್ಲಿ ಮಳೆ ಹೊಡೆದು, ಅಣೆಕಟ್ಟು ತುಂಬಿ ಗೇಟು ತೆಗೆದರೆ, ನಿಮ್ಮೂರಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ದಿನಗಳಲ್ಲಿ, ಮೇಲಿನಿಂದ ಬಂದ ನೀರು ಎಷ್ಟು ಊರುಗಳನ್ನು ಹೊಕ್ಕಿತೆಂಬುದನ್ನು ನೀವೇ ಕಂಡಿದ್ದೀರಿ. ಅದಕ್ಕೇ ಮುಗಿಲಿಗಿಂತ ಅಣೆಕಟ್ಟಿನ ಸುದ್ದಿಗೆ ಕಿವಿ ಕೊಡಿರಿ.

ಊರು ಬಿಡಿರಿ ಎಂದು ಡಂಗುರ ಸಾರಿದರೂ, ಮೈಕಿನಲ್ಲಿ ಕೂಗಿದರೂ ಕೆಲವರು ಏಳುವುದಿಲ್ಲ. ಹಟ ಅಂತ ಜನ ಬೈತಾರೆ. ಹಟವಲ್ಲ, ಕೊಟ್ಟಿಗೆಯಲ್ಲಿ ಎಮ್ಮೆ ಇದೆ, ಎತ್ತು ಇದೆ, ಬಿಟ್ಟು ಹೇಗೆ ಹೋಗೋದು? ನೀರು ಅಂಗಳಕ್ಕೆ ಬಂದಾಗ ಇದಕ್ಕೆ ಉತ್ತರ ಸಿಗುವುದಿಲ್ಲ. ಎತ್ತರದಲ್ಲಿರುವ ಬೀಗರ ಊರೋ, ಪರಿಚಯದವರ ಹಿತ್ತಲೋ, ಈ ವಾರವೇ ಮಾತಾಡಿಕೊಳ್ಳಿರಿ. ಬಣವೆಯಿಂದ ಒಂದು ಗಾಡಿ ಕಣಕಿ ಅಲ್ಲಿಗೆ ಸಾಗಿಸಿಡಿರಿ. ಸೂಚನೆ ಬಂದ ದಿನ ಮುದುಕರು, ಬಾಣಂತಿ, ಮಕ್ಕಳ ಜತೆಗೇ ದನವೂ ಹಗಲಿನಲ್ಲೇ ಹೊರಡಲಿ. ಹೊಡೆದುಕೊಂಡು ಹೋಗಲು ಆಗಲೇ ಇಲ್ಲವೆಂದರೆ, ಕೈಮುಗಿದು ಹೇಳುತ್ತೇನೆ, ಕಣ್ಣಿ ಬಿಚ್ಚಿ ಬನ್ನಿರಿ. ಬಿಚ್ಚಿದ ಎಮ್ಮೆ ಈಜಿ ದಂಡೆ ಸೇರೀತು. ಗೂಟದ ಎಮ್ಮೆ ನಿಂತಲ್ಲೇ ಮುಳುಗುತ್ತದೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆಯನ್ನಂತೂ ಮಳೆಗಾಲಕ್ಕೆ ಮುಂಚೆಯೇ ಹಾಕಿಸಿರಬೇಕು.

ಇನ್ನು ಮನೆ. ನೀರು ಬಂದರೆ ಮಾಳಿಗೆ ಹತ್ತಿ ಕೂತರಾಯಿತು ಅಂತೀರಿ. ಬುಡ ನೆನೆದ ಮಣ್ಣಿನ ಗೋಡೆ ಆ ಭಾರ ಹೊರುವುದಿಲ್ಲ. ನೀರು ಇಳಿದ ಮೇಲೂ ಅಂಥ ಗೋಡೆ ಬೀಳುತ್ತದೆ. ಅದರ ಮಗ್ಗುಲಲ್ಲಿ ಮಕ್ಕಳನ್ನು ಮಲಗಿಸಬೇಡಿರಿ. ಹಗೇವಿನಲ್ಲಿ ಜೋಳ ಇಡುವವರು ಈಗ ವಿರಳ. ಇಟ್ಟಿದ್ದರೆ ಈಗಲೇ ತೆಗೆಯಿರಿ. ಬಾಯಿ ತೆರೆದ ಕೂಡಲೇ ಮಾತ್ರ ಇಳಿಯಬೇಡಿರಿ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋದದ್ದುಂಟು.

ಉತಾರ, ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಒಲೆ ಹೊತ್ತದ ದಿನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಡುವುದನ್ನು ತಾಯಂದಿರಿಗೆ ನಾನು ಕಲಿಸಬೇಕಾಗಿಲ್ಲ. ನೀರಿನದು ಮಾತ್ರ ಹೇಳುತ್ತೇನೆ: ಪೂರ ಬಂದ ಊರಿನ ಬಾವಿ, ಬೋರಿನ ನೀರನ್ನು ಕುದಿಸದೆ ಕುಡಿಯಬಾರದು. ಭೇದಿ ಹತ್ತಿದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಸ್ವಲ್ಪಸ್ವಲ್ಪವೇ ಕುಡಿಸುತ್ತಾ ದವಾಖಾನೆಗೆ ಕರೆದೊಯ್ಯಿರಿ.

ಕಡೆಗೆ, ಹೊಳೆಯ ದಂಡೆಯ ಮೋಟಾರು. ನೀರು ಇನ್ನೂ ಕೆಳಗಿರುವಾಗಲೇ ಕರೆಂಟು ತೆಗೆದು, ಬಿಚ್ಚಿ ಮೇಲೆ ತಂದಿಡಿರಿ. ಹೊಳೆ ಏರಿದ ಮೇಲೆ ನೆನಪಾದರೆ, ಅದು ಅಲ್ಲೇ ಇರಲಿ.