ಫೇಲಾದ ಮೇಲೆ ಮತ್ತೆ ನರ್ಸಿಂಗ್ ಕಾಲೇಜಿಗೆ ಹೋಗಬೇಕಾ?

ಇವತ್ತು ಐರೋಲಿ, ಪವಾಯಿ, ಪುಣೆ, ಬೆಂಗಳೂರಿನ ಐಟಿ ಆಫೀಸುಗಳಲ್ಲಿರೋ ಅಣ್ಣಂದಿರು, ಅಕ್ಕಂದಿರ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ. ಯಾಕಂದ್ರೆ ಮನೆಯಲ್ಲಿ ತಂಗಿ ನರ್ಸಿಂಗ್ ಓದ್ತಿದ್ದರೆ ಫೀಸು ಕಟ್ಟೋರು ಹೆಚ್ಚಾಗಿ ನೀವೇ. ಅವಳು ಫೇಲಾದಾಗ ಮುಂದೇನು ಅಂತ ತೀರ್ಮಾನ ಮಾಡೋರೂ ನೀವೇ.

ನಾನು ಡೊಂಬಿವಲಿಯವಳು, 22 ವರ್ಷದಿಂದ ವಾರ್ಡ್ ಡ್ಯೂಟಿ ಮಾಡ್ತಿದ್ದೇನೆ. ನಮ್ಮ ಅಕ್ಕನ ಮಗಳು ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದಲ್ಲಿ ಅನಾಟಮಿ-ಫಿಸಿಯಾಲಜಿ ಪೇಪರಿನಲ್ಲಿ ಫೇಲಾಗಿ ಭಾಂಡುಪ್‌ನ ಮನೆಯಲ್ಲಿ ಕೂತಳು. ಭಾವನಿಗೆ ಹೋಟೆಲಿನಲ್ಲಿ ಕ್ಯಾಶ್ ಕೌಂಟರ್ ಕೆಲಸ. ಅವಳ ಅಣ್ಣ ಐಟಿಯಲ್ಲಿದ್ದಾನೆ, ಲೋನಿನ ಇಎಂಐ ಅವನದ್ದು. "ಟೆಸ್ಟಿಂಗ್ ಕೋರ್ಸ್ ಮಾಡಿಬಿಡು" ಅಂದ ಅವನು. "ಗಂಡು ನೋಡೋಣ" ಅಂದಳು ಅಕ್ಕ. ಹುಡುಗಿಯನ್ನ ಯಾರೂ ಕೇಳಿರಲಿಲ್ಲ.

ನಾನು ಅಣ್ಣನಿಗೆ ಹೇಳಿದೆ: ಬಿಲ್ಡ್ ಫೇಲಾದ್ರೆ ನೀನು ಪ್ರಾಜೆಕ್ಟ್ ಡಿಲೀಟ್ ಮಾಡ್ತೀಯಾ? ಮೊದಲು ಲಾಗ್ ನೋಡ್ತೀಯಲ್ಲ, ಹಾಗೆ ಮಾರ್ಕ್ಸ್‌ಕಾರ್ಡ್ ತೆಗಿ. ನರ್ಸಿಂಗ್‌ನಲ್ಲಿ ಥಿಯರಿ, ಪ್ರಾಕ್ಟಿಕಲ್ ಬೇರೆಬೇರೆಯಾಗಿ ಪಾಸಾಗಬೇಕು. ಅವಳಿಗೆ ಪ್ರಾಕ್ಟಿಕಲ್‌ನಲ್ಲಿ ಒಳ್ಳೆ ಮಾರ್ಕ್ಸ್ ಇತ್ತು. ಹೋಗಿದ್ದು ಥಿಯರಿ. ಹತ್ತನೇ ತನಕ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವಳು. ಒಂದೊಂದು ಮೂಳೆಯ ಹೆಸರೂ ಗೊತ್ತು, ಆದರೆ ಇಂಗ್ಲಿಷ್‌ನಲ್ಲಿ ಎರಡು ಪುಟ ಬರೆಯೋಕೆ ಕೈ ಓಡಲ್ಲ. ಇದನ್ನ ಸರಿಮಾಡಬಹುದು. ಥಿಯರಿ ಪಾಸಾಗಿ, ವಾರ್ಡ್ ಅಂದ್ರೆ ಬೇಡ ಅಂದಿದ್ದರೆ, ನಾನೇ "ಬಿಟ್ಟುಬಿಡು" ಅಂತಿದ್ದೆ.

ಆಮೇಲೆ ಕೆಲಸದ ಪ್ರಶ್ನೆ. ಅರುಣಾ ಶಾನಭಾಗ್ ಹೆಸರು ಕೇಳಿರ್ತೀರಿ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ಅಲ್ಲೇ ಅವರ ಮೇಲೆ ಹಲ್ಲೆ ನಡೆಯಿತು, ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. 2015ರಲ್ಲಿ ತೀರಿಕೊಳ್ಳುವ ತನಕ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನ ನೋಡಿಕೊಂಡರು. ಊಟ ಮಾಡಿಸೋದು, ಮೈ ಒರೆಸೋದು, ಮಗ್ಗುಲು ಬದಲಿಸೋದು. ನಮ್ಮ ದಿನದಿನದ ಕೆಲಸವೂ ಇದೇ. "ಇದಕ್ಕೆ ಮನಸ್ಸಿದೆಯಾ?" ಅಂತ ಕೇಳಿದೆ. "ಚಿಕ್ಕಮ್ಮ, ವಾರ್ಡ್ ಇದ್ದ ದಿನ ನಾನು ಒಂದು ಸಲವೂ ರಜೆ ಹಾಕಿಲ್ಲ" ಅಂದಳು.

ಇನ್ನು ಲೆಕ್ಕ. ಕಾಲೇಜಿನಲ್ಲಿ ಇಷ್ಟನ್ನು ಬರವಣಿಗೆಯಲ್ಲೇ ಕೇಳಿ: ಮುಂದಿನ ಪರೀಕ್ಷೆ ಯಾವಾಗ? ಕೋರ್ಸ್ ಮುಗಿಸೋಕೆ ಇನ್ನೆಷ್ಟು ವರ್ಷ ಅವಕಾಶ? ತಪ್ಪಿದ ಕ್ಲಿನಿಕಲ್ ಡ್ಯೂಟಿ ಹೇಗೆ ತುಂಬಬೇಕು? ಡಿಗ್ರಿ ಕೈಗೆ ಬರೋಕೆ ಕ್ಲಿನಿಕಲ್ ಹಾಜರಿ 100% ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ನಾಲ್ಕು ವರ್ಷದ ಡಿಗ್ರಿ ಭಾರ ಅನ್ನಿಸಿದರೆ ಮೂರು ವರ್ಷದ ಜಿಎನ್‌ಎಂ ಇದೆ. ಅದು ಮುಗಿದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಯಾವ ಕಾಲೇಜೇ ಆಗಲಿ, ನರ್ಸಿಂಗ್ ಕೌನ್ಸಿಲ್ ಮಾನ್ಯತೆ ನೋಡದೆ ದುಡ್ಡು ಕಟ್ಟಬೇಡಿ.

ನಮ್ಮ ಮನೆಯಲ್ಲಿ ಕೊನೆಗೆ ಒಪ್ಪಿದ್ದು ಹೀಗೆ. ಆ ಪೇಪರ್ ಮತ್ತೆ ಕಟ್ಟೋದು. ದಿನಾ ಒಂದು ಉತ್ತರ ಇಂಗ್ಲಿಷ್‌ನಲ್ಲಿ ಬರೆದು ಅಣ್ಣನಿಗೆ ವಾಟ್ಸಾಪ್ ಮಾಡೋದು, ಅವನು ರಾತ್ರಿ ತಿದ್ದಿ ಕಳಿಸೋದು. ಈ ಸಲ ಆಗದಿದ್ದರೆ ಜಿಎನ್‌ಎಂ. ಅದನ್ನೂ ಈಗಲೇ ಮಾತಾಡಿ ಇಟ್ಟಿದ್ದೇವೆ, ರಿಸಲ್ಟ್ ದಿನ ಯಾರೂ ಬೈಯೋ ಹಾಗಿಲ್ಲ. ಪಾಸಾಗ್ತಾಳಾ? ಗೊತ್ತಿಲ್ಲ. ಆದರೆ ಈಗ ಅವಳೇ ಬೆಳಿಗ್ಗೆ ಐದಕ್ಕೆ ಎದ್ದು ಪುಸ್ತಕ ಹಿಡೀತಾಳೆ.

ಮುಂಬಯಿ ಕನ್ನಡಿಗರಿಗೆ ಇದೇನೂ ಹೊಸದಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಫೇಲಾದರೆ ಮತ್ತೆ ಪರೀಕ್ಷೆಗೆ ಕೂತ ಹಿರಿಯರು ನಮ್ಮಲ್ಲಿ ಎಷ್ಟೋ ಜನ.

ಈ ಭಾನುವಾರ ತಂಗಿಗೆ ಫೋನ್ ಮಾಡಿದಾಗ ಫೀಸಿನ ಮಾತು ಆಮೇಲಿರಲಿ. "ವಾರ್ಡ್ ನಿನಗೆ ಹೇಗನ್ನಿಸ್ತು?" ಅಂತ ಮೊದಲು ಕೇಳಿ. ಅವಳು ಹೇಳಿ ಮುಗಿಸೋ ತನಕ ನಡುವೆ ಮಾತಾಡಬೇಡಿ.