ಲಕ್ವ ಹೊಡೆದವರ ಬಾಯಿಯ ಆರೈಕೆ
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಆದರೂ ಪಾರ್ಶ್ವವಾಯು, ಅಂದರೆ ಲಕ್ವ ಹೊಡೆದವರು ಆಸ್ಪತ್ರೆಯಿಂದ ಕೋಣೆಗೆ ಮರಳಿದ ಮೇಲೆ ಅವರ ಆರೈಕೆ ನಮ್ಮಂಥವರ ಕೈಗೇ ಬರುತ್ತದೆ. ಮನೆಮಂದಿ ಊರಲ್ಲಿ, ರೋಗಿ ಇಲ್ಲಿ. ಔಷಧಿ ತಪ್ಪುವುದಿಲ್ಲ, ಎಣ್ಣೆ ತಿಕ್ಕುವುದೂ ತಪ್ಪುವುದಿಲ್ಲ. ತಪ್ಪಿಹೋಗುವುದು ಬಾಯಿ ಶುಚಿ ಮಾಡುವುದು. ಆ ಬಗ್ಗೆ ನಾಲ್ಕು ಮಾತು.

ಬಾಯಿಗೂ ಪುಪ್ಪುಸಕ್ಕೂ ಏನು ಸಂಬಂಧ? ನಾವು ನುಂಗುವಾಗ ಶ್ವಾಸನಾಳದ ದ್ವಾರ ತಾನಾಗಿ ಮುಚ್ಚಿಕೊಳ್ಳುತ್ತದೆ. ಲಕ್ವದಿಂದ ಮಿದುಳಿಗೆ ಪೆಟ್ಟಾದರೆ ಈ ಕೆಲಸ ಕೆಡಬಹುದು. ಲಕ್ವ ಹೊಡೆದ ಹೊಸದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಆಗ ನೀರು, ಗಂಜಿ, ಸ್ವಂತ ಜೊಲ್ಲು ಕೂಡ ಶ್ವಾಸನಾಳಕ್ಕೆ ಇಳಿಯಬಹುದು. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಹಾಗಾಗಿ ನಮಗೆ ತಿಳಿಯುವುದೇ ಇಲ್ಲ. ಶುಚಿಯಿಲ್ಲದ ಬಾಯಲ್ಲಿ ಬೆಳೆದ ರೋಗಾಣುಗಳು ಜೊಲ್ಲಿನೊಡನೆ ಪುಪ್ಪುಸ ಸೇರಿದರೆ ನ್ಯುಮೋನಿಯಾ ಆಗುತ್ತದೆ. ಲಕ್ವದಿಂದ ಪಾರಾದವರು ಇದರಿಂದ ತೀರಿಕೊಳ್ಳುವುದುಂಟು.

“ಮೂಗಿನ ನಳಿಗೆಯಿಂದ ಆಹಾರ ಹೋಗುತ್ತಿದೆ, ಬಾಯಿ ಶುಚಿ ಮಾಡುವುದೇಕೆ?” ಎನ್ನುವವರುಂಟು. ಅಂಥವರಿಗೇ ಅದು ಹೆಚ್ಚು ಬೇಕು. ಅಗಿಯದ ಬಾಯಿ ಒಣಗುತ್ತದೆ, ನಾಲಿಗೆಯ ಮೇಲೆ ಕೊಳೆ ಕಟ್ಟುತ್ತದೆ. ಹಲ್ಲಿಲ್ಲದವರಿಗೂ ಇದೇ ಮಾತು.

ಜಪಾನಿನ 11 ವೃದ್ಧಾಶ್ರಮಗಳಲ್ಲಿ 2 ವರ್ಷ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಪ್ರತಿ ಊಟದ ನಂತರ ಆರೈಕೆಯವರು ಬಾಯಿ ಶುಚಿ ಮಾಡಿದ ವೃದ್ಧರಲ್ಲಿ ನೂರಕ್ಕೆ 11 ಮಂದಿಗೆ ನ್ಯುಮೋನಿಯಾ ಬಂದಿತು; ಹಾಗೆ ಮಾಡದವರಲ್ಲಿ ನೂರಕ್ಕೆ 19 ಮಂದಿಗೆ. ಅವರೆಲ್ಲ ಲಕ್ವದವರಲ್ಲ, ಆದರೂ ನಮಗೆ ಅದರಲ್ಲಿ ಪಾಠವಿದೆ.

ಮಾಡುವ ಕ್ರಮ ಹೀಗೆ. ರೋಗಿಯನ್ನು ನೆಟ್ಟಗೆ ಕೂರಿಸಿರಿ. ಕೂರಲಾಗದಿದ್ದರೆ ಪಕ್ಕಕ್ಕೆ ಮಲಗಿಸಿ, ಬಾಯೊಳಗಿನ ನೀರು ಹೊರಕ್ಕೆ ಹರಿಯುವಂತೆ ಮುಖ ತಿರುಗಿಸಿರಿ. ಮೊದಲು ಸ್ವಾಧೀನ ತಪ್ಪಿದ ಕಡೆಯ ಕೆನ್ನೆಯೊಳಗೆ ನೋಡಿರಿ. ಅಲ್ಲಿ ಅನ್ನದ ಅಗುಳು ಉಳಿದಿದ್ದರೂ ರೋಗಿಗೆ ಅರಿವಾಗದಿರಬಹುದು. ಮೆತ್ತನೆಯ ಚಿಕ್ಕ ಬ್ರಷ್ಷಿಗೆ ತುಸುವೇ ಪೇಸ್ಟ್ ಹಚ್ಚಿ ಹಲ್ಲು, ವಸಡು, ನಾಲಿಗೆ ಮೆಲ್ಲಗೆ ಉಜ್ಜಿರಿ. ಹಲ್ಲುಪುಡಿ ಬೇಡ, ತಂಬಾಕಿನ ಮಿಶ್ರಿ ಬೇಡವೇ ಬೇಡ. ಮುಕ್ಕಳಿಸಲು ನೀರು ಕೊಡದೆ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ನೊರೆ ಒರೆಸಿ ತೆಗೆಯಿರಿ. ಹಲ್ಲುಗಳ ನಡುವೆ ಬೆರಳಿಡಬೇಡಿರಿ, ಅರಿವಿಲ್ಲದೆ ಕಚ್ಚಿಯಾರು. ಕಟ್ಟಿಸಿದ ಹಲ್ಲಿನ ಸೆಟ್ಟಿದ್ದರೆ ರಾತ್ರಿ ತೆಗೆದು, ತೊಳೆದು, ನೀರಲ್ಲಿಡಿರಿ. ದಿನಕ್ಕೆ ಎರಡು ಸಲವಾದರೂ ಇದು ನಡೆಯಬೇಕು. ಪ್ರತಿ ಊಟದ ನಂತರ ನಡೆದರೆ ಉತ್ತಮ.

ನೋಡಲು ಬಂದವರು ಪ್ರೀತಿಯಿಂದ, ಮಲಗಿದವರ ಬಾಯಿಗೆ ಚಹಾ, ಎಳನೀರು, ತೀರ್ಥ ಹಾಕುವುದುಂಟು. ದಾಕ್ಷಿಣ್ಯ ನೋಡದೆ ತಡೆಯಿರಿ. ನುಂಗುವ ಶಕ್ತಿಯನ್ನು ಆಸ್ಪತ್ರೆಯವರು ಪರೀಕ್ಷಿಸಿ ಒಪ್ಪುವ ತನಕ ಬಾಯಿಗೆ ಹನಿ ನೀರೂ ಬೇಡ. ಉಣ್ಣಲು ಒಪ್ಪಿಗೆ ಸಿಕ್ಕ ಮೇಲೆಯೂ ಉಂಡಾದ ಬಳಿಕ ಅರ್ಧ ಗಂಟೆ ಕೂರಿಸಿರಿ. ಕುಡಿದೊಡನೆ ಕೆಮ್ಮು, ಗೊರಗೊರ ದನಿ, ಜ್ವರ, ಏದುಸಿರು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಕೋಣೆಯಲ್ಲಿ ನಾಲ್ವರಿದ್ದರೆ ಈ ಕೆಲಸಕ್ಕೂ ಪಾಳಿ ಹಚ್ಚಿಕೊಳ್ಳೋಣ. ಗೋಡೆಗೊಂದು ಕಾಗದ ಅಂಟಿಸಿ, ಮಾಡಿದವರು ಗುರುತು ಹಾಕಲಿ. ಖರ್ಚು ಒಂದು ಬ್ರಷ್ಷು, ಐದು ನಿಮಿಷ. ಉಳಿಯುವುದು ಊರಲ್ಲಿ ಕಾದಿರುವವರ ಮನೆಯ ಆಧಾರ.